ಟಿಸಿಯ ‘ಗುಣ ಮತ್ತು ನಡತೆ’ ಕಾಲಂ ಬಗ್ಗೆ ಒಂದು ಬಹಿರಂಗ ಪತ್ರ

ಮಂಡ್ಯ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಎಲ್ಲ ಬಿಇಒಗಳಿಗೆ, ಹೈಸ್ಕೂಲುಗಳ ಮುಖ್ಯ ಶಿಕ್ಷಕರಿಗೆ ಮತ್ತು ಎಸ್‌ಡಿಎಂಸಿ ಸದಸ್ಯರಿಗೆ,

ನಮಸ್ಕಾರ.

ನಾನು ಈ ಜಿಲ್ಲೆಯ ನಾಲ್ಕು ಹೈಸ್ಕೂಲುಗಳಲ್ಲಿ 27 ವರ್ಷ ವಿಜ್ಞಾನ ಪಾಠ ಮಾಡಿದವಳು. ಹೋದ ವರ್ಷ ನಿವೃತ್ತಳಾದೆ. ಕೆಲಸದಲ್ಲಿ ಇದ್ದಾಗಲೇ ಬರೆಯಬೇಕಿದ್ದ ಪತ್ರ ಇದು. ಆಗ ಧೈರ್ಯ ಸಾಲಲಿಲ್ಲ.

ನಮ್ಮ ಟಿಸಿ ಫಾರಂನಲ್ಲಿ ‘ಗುಣ ಮತ್ತು ನಡತೆ’ ಅಂತ ಒಂದು ಕಾಲಂ ಇದೆ. ನೂರಕ್ಕೆ ತೊಂಬತ್ತೊಂಬತ್ತು ಟಿಸಿಗಳಲ್ಲಿ ಅದರ ಮುಂದೆ ‘ತೃಪ್ತಿಕರ’ ಅಂತ ಬರೆದು ಸೀಲು ಹಾಕುತ್ತೇವೆ. ಯಾರೂ ಅದನ್ನು ಓದುವುದಿಲ್ಲ. ಎಲ್ಲೋ ಒಂದು ಟಿಸಿಯಲ್ಲಿ ಆ ಪದ ಬದಲಾಗುತ್ತೆ. ಆಗ ಎಲ್ಲರೂ ಅದನ್ನೇ ಓದುತ್ತಾರೆ. ಅಂಥ ಒಂದು ಟಿಸಿ ಬರೆದಾಗ ನಾನು ಅದೇ ರೂಮಿನಲ್ಲಿ ಕೂತಿದ್ದೆ.

ಒಂಬತ್ತನೇ ಕ್ಲಾಸಿನ ಹುಡುಗಿ. ಊರು, ವರ್ಷ, ಮನೆಯ ವಿವರ ಎಲ್ಲ ಬದಲಿಸಿ ಬರೆಯುತ್ತಿದ್ದೇನೆ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಕಾಯ್ದೆ ಇಲ್ಲದಿದ್ದರೂ ಅವಳ ಹೆಸರು ನನ್ನ ಬಾಯಿಂದ ಬರುತ್ತಿರಲಿಲ್ಲ.

ಕ್ಲಾಸಿನ ಮಕ್ಕಳು ಬೇಲೂರು–ಹಳೇಬೀಡು ಟೂರಿಗೆ ದುಡ್ಡು ಕೂಡಿಸಿದ್ದರು. ಲೀಡರ್ ಹುಡುಗಿಯ ಬ್ಯಾಗಿನಲ್ಲಿದ್ದ 2,300 ರೂಪಾಯಿ ಕಾಣೆಯಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಯಾರು ಅಂತ ಗೊತ್ತಾಯಿತು. ಬೆಳಿಗ್ಗೆ ಪ್ರಾರ್ಥನೆ ಸಮಯದಲ್ಲಿ ಅವಳು ಕ್ಲಾಸಿಗೆ ಹೋಗಿದ್ದನ್ನು ಇಬ್ಬರು ನೋಡಿದ್ದರು. ಕರೆಸಿ ಕೇಳಿದಾಗ ಅವಳು ಅಳಲಿಲ್ಲ. ‘ಹೂಂ, ನಾನೇ ತಗೊಂಡೆ, ಏನೀಗ?’ ಅಂದಳು. ಆ ‘ಏನೀಗ’ ಅನ್ನುವ ಮಾತೇ ಅವಳಿಗೆ ಮುಳುವಾಯಿತು. ಅತ್ತಿದ್ದರೆ, ಕಾಲಿಗೆ ಬಿದ್ದಿದ್ದರೆ ಬೈದು ಕಳಿಸುತ್ತಿದ್ದೆವು. ಹುಡುಗಿ ಎದೆ ಸೆಟೆಸಿ ನಿಂತಳು.

ಅವ್ವನಿಗೆ ಫೋನ್ ಮಾಡಿದೆವು. ಎರಡು ಗಂಟೆಗೆ ಬಂದರು. ಕೊರಳಲ್ಲಿ ಗಾರ್ಮೆಂಟ್ಸಿನ ಐಡಿ ಕಾರ್ಡು ಹಾಗೇ ನೇತಾಡುತ್ತಿತ್ತು. ಸೆರಗಿನ ಮೇಲೆ ನೀಲಿ ದಾರದ ತುಣುಕುಗಳು. ಅರ್ಧ ದಿನದ ಸಂಬಳ ಬಿಟ್ಟು ಬಂದಿದ್ದರು. ಕುರ್ಚಿ ಇದ್ದರೂ ಕೂರಲಿಲ್ಲ. ‘ಹೊಡ್ದ್ರೂ ಬಗ್ಗಲ್ಲ ಮೇಡಂ, ಬೈದ್ರೂ ಬಗ್ಗಲ್ಲ. ಹುಟ್ದಾಗಿಂದ್ಲೂ ಹಿಂಗೇಯ’ ಅಂದರು. ನಮ್ಮ ಮುಖ್ಯ ಶಿಕ್ಷಕರು ತಲೆ ಅಲ್ಲಾಡಿಸಿ, ‘ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣಮ್ಮ. ಒಂದು ಹಣ್ಣು ಕೊಳೆತರೆ ಬುಟ್ಟಿನೇ ಹೋಯ್ತದೆ. ಟಿಸಿ ತಗೊಂಡು ಹೋಗಿ’ ಅಂದರು. ಹತ್ತು ನಿಮಿಷ. ಅಷ್ಟರಲ್ಲಿ ಎಲ್ಲ ಮುಗಿಯಿತು. ಆ ಹತ್ತು ನಿಮಿಷದಲ್ಲಿ ನಾವು ಐದು ಜನ ದೊಡ್ಡವರು ಆ ಹುಡುಗಿಯನ್ನು ಕೇಳದೇ ಬಿಟ್ಟ ಪ್ರಶ್ನೆ ಒಂದೇ. ‘ಯಾಕೆ ತಗೊಂಡೆ?’

ಒಂದೂವರೆ ವರ್ಷ ಆದ ಮೇಲೆ ಸಂತೆಯಲ್ಲಿ ಆ ತಾಯಿ ಸಿಕ್ಕರು. ಅವರೇ ಹೇಳಿದರು. ಪಿಯುಸಿ ಓದುವ ಒಬ್ಬ ಹುಡುಗನ ಹತ್ತಿರ ಮಗಳ ಫೋಟೋ ಇತ್ತಂತೆ. ದುಡ್ಡು ಕೊಡದಿದ್ದರೆ ಊರಿನ ವಾಟ್ಸಾಪ್ ಗುಂಪಿಗೆಲ್ಲ ಹಾಕುತ್ತೇನೆ ಅಂತ ಹೆದರಿಸಿದ್ದನಂತೆ. ಎರಡು ಸಲ ಮನೆಯಲ್ಲಿದ್ದ ದುಡ್ಡು ಕೊಟ್ಟಿದ್ದಳು. ಮೂರನೇ ಸಲ ಮನೆಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಆ ಬ್ಯಾಗಿಗೆ ಕೈ ಹಾಕಿದಳು. ಬೇರೆ ಎರಡು ಶಾಲೆಗಳಲ್ಲಿ ಟಿಸಿ ತೋರಿಸಿದರೆ, ಆ ಕಾಲಂ ಓದಿ ಸೀಟು ಇಲ್ಲ ಅಂದರಂತೆ. ಒಂದು ವರ್ಷ ಮನೆಯಲ್ಲೇ ಇದ್ದಳು. ‘ಮದ್ವೆ ಮಾಡ್ಬುಟ್ವಿ ಮೇಡಂ. ಮನೇಲಿಟ್ಕಂಡು ಏನ್ ಮಾಡದು’ ಅಂದರು. ಅವಳಿಗೆ ಹದಿನೇಳೂ ತುಂಬಿರಲಿಲ್ಲ. ನಮ್ಮ ರಾಜ್ಯದಲ್ಲಿ 2016ರ ತಿದ್ದುಪಡಿ ಆದ ಮೇಲೆ ಅಂಥ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ. ಆದರೆ ಅವಳ ಪಾಲಿಗೆ ಅದೇ ಬದುಕು. ಅವರು ಸೊಪ್ಪಿನ ಕಟ್ಟು ಹಿಡಿದುಕೊಂಡು ಹೊರಟುಹೋದರು. ನಾನು ತುಂಬಾ ಹೊತ್ತು ಅಲ್ಲೇ ನಿಂತಿದ್ದೆ.

ಅವತ್ತಿನಿಂದ ನಾನು ಬಾಲನ್ಯಾಯ ಕಾಯ್ದೆ ಓದಲು ಶುರು ಮಾಡಿದೆ. ಓದುತ್ತಾ ಓದುತ್ತಾ ನಾಚಿಕೆ ಆಯಿತು. 2015ರ ಕಾಯ್ದೆ ಅದು, 2016ರ ಜನವರಿ 15ರಿಂದ ಜಾರಿಯಲ್ಲಿದೆ. ಹದಿನೆಂಟು ತುಂಬದ ಯಾರೇ ಆದರೂ ಅವರು ಮಗು. ಈಗ ನೋಡಿ, ಆ ಹುಡುಗಿಯನ್ನು ನಾವು ಟಿಸಿ ಕೊಡುವ ಬದಲು ಪೊಲೀಸ್ ಸ್ಟೇಷನ್ನಿಗೇ ಕಳಿಸಿದ್ದೆವು ಅಂದುಕೊಳ್ಳಿ. ಅವಳನ್ನು ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. ಇಂಥ ಸಣ್ಣ ಕಳ್ಳತನಕ್ಕೆ ಎಫ್‌ಐಆರ್ ಕೂಡ ಹಾಕುವ ಹಾಗಿಲ್ಲ. ಸ್ಟೇಷನ್ ಡೈರಿಯಲ್ಲಿ ಬರೆದುಕೊಂಡು, ಮಗುವಿನ ಮನೆ ಹೇಗಿದೆ, ಯಾರ ಸಹವಾಸ ಇದೆ, ಯಾವ ಪರಿಸ್ಥಿತಿಯಲ್ಲಿ ಹೀಗಾಯಿತು ಅಂತ ಒಂದು ವರದಿ ಮಾಡಬೇಕು. ಅದು ಬಾಲನ್ಯಾಯ ಮಂಡಳಿಗೆ ಹೋಗಬೇಕು. ಅಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಅವರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು. ಅವರು ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಕೌನ್ಸೆಲಿಂಗಿಗೆ ಕಳಿಸಬಹುದು. ಎಲ್ಲ ಮುಗಿದ ಮೇಲೆ, ಆ ತಪ್ಪು ಅವಳ ಮುಂದಿನ ಓದಿಗೆ, ಕೆಲಸಕ್ಕೆ ಅಡ್ಡ ಬರಬಾರದು, ದಾಖಲೆಯನ್ನೂ ಅಳಿಸಿಹಾಕಬೇಕು ಅನ್ನುವುದು ಕಾಯ್ದೆಯ ಆಸೆ. ಹೊಸದಾಗಿ ಶುರು ಮಾಡುವ ಹಕ್ಕು ಅಂತ ಅದನ್ನು ಒಂದು ತತ್ವವಾಗಿಯೇ ಬರೆದಿದ್ದಾರೆ.

ಪೊಲೀಸರು ಕೇಳಲೇಬೇಕಿದ್ದ ‘ಯಾಕೆ’ ಅನ್ನುವ ಪ್ರಶ್ನೆಯನ್ನು ಮೇಷ್ಟ್ರುಗಳಾದ ನಾವು ಕೇಳಲಿಲ್ಲ. ಕೋರ್ಟು ಅಳಿಸುವುದನ್ನು ನಾವು ಇಂಕಿನಲ್ಲಿ ಬರೆದು, ಸೀಲು ಹಾಕಿ, ಅವಳ ಕೈಗೇ ಕೊಟ್ಟು ಕಳಿಸಿದೆವು.

ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. ಅದಕ್ಕೇ ನಾವು ಒಂಬತ್ತನೇ ಕ್ಲಾಸಿಗೆ ಬರುವ ತನಕ ಕಾಯುತ್ತೇವೆ. ಇದು ಕಟುವಾದ ಮಾತು, ಆದರೆ ಸ್ಟಾಫ್ ರೂಮಿನಲ್ಲಿ ಕೂತವರಿಗೆಲ್ಲ ಗೊತ್ತಿರುವ ಮಾತು. ಹದಿನಾಲ್ಕು, ಹದಿನೈದು, ಹದಿನಾರು. ಮಕ್ಕಳು ಜಾಸ್ತಿ ಎಡವುವ ವಯಸ್ಸು ಅದೇ. ನಮಗೆ ಅವರನ್ನು ಹೊರಗೆ ಕಳಿಸಲು ದಾರಿ ತೆರೆಯುವುದೂ ಆಗಲೇ.

ಈಗ ‘ಹುಟ್ಟುಗುಣ’ದ ಮಾತಿಗೆ ಬರುತ್ತೇನೆ. ಗುಣ ಅನ್ನುವುದು ಸುಳ್ಳು ಅಂತ ನಾನು ಹೇಳುವುದಿಲ್ಲ. 27 ವರ್ಷ ಮಕ್ಕಳ ಮುಖ ನೋಡಿದ್ದೇನೆ. ಕೆಲವರಿಗೆ ಸಿಟ್ಟು ಬೇಗ ಬರುತ್ತೆ. ಕೆಲವರು ಯೋಚನೆ ಮಾಡುವ ಮೊದಲೇ ಕೈ ಚಾಚಿರುತ್ತಾರೆ. ಕೆಲವರಿಗೆ ಸುಮ್ನೆ ಕೂತರೆ ಮೈಯೆಲ್ಲ ತುರಿಕೆ ಬಂದ ಹಾಗೆ, ಏನಾದರೂ ಆಗುತ್ತಿರಬೇಕು. ಮನಃಶಾಸ್ತ್ರದವರು ಇದನ್ನು ಬಹಳ ವರ್ಷದಿಂದ ಅಳೆಯುತ್ತಾ ಬಂದಿದ್ದಾರೆ. ಹ್ಯಾನ್ಸ್ ಐಸೆಂಕ್ ಅನ್ನುವವರು 1964ರಲ್ಲೇ ವ್ಯಕ್ತಿತ್ವಕ್ಕೂ ಅಪರಾಧಕ್ಕೂ ನಂಟಿದೆ ಅಂತ ವಾದಿಸಿದರು. ಜನರ ಜೊತೆ ಬೆರೆತು ಜೋರಾಗಿ ಮಾತಾಡುವ ಬಹಿರ್ಮುಖ ಸ್ವಭಾವವನ್ನೂ ಆ ಪಟ್ಟಿಗೆ ಸೇರಿಸಿದ್ದರು. ಮುಂದೆ ಬೇರೆಯವರು ಪರೀಕ್ಷೆ ಮಾಡಿದಾಗ ಆ ಒಂದು ಗುಣಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಬಾಯಿ ಜೋರಿರುವ ಹುಡುಗಿ ಅಂದ ಮಾತ್ರಕ್ಕೆ ದಾರಿ ತಪ್ಪುತ್ತಾಳೆ ಅಂತ ಏನೂ ಇಲ್ಲ.

ಆಧಾರ ಸಿಕ್ಕಿರುವುದು ಮುಖ್ಯವಾಗಿ ಎರಡಕ್ಕೆ. ಒಂದು, ತನ್ನ ಮೇಲೆ ತನಗೇ ಹಿಡಿತ ಕಡಿಮೆ ಇರುವುದು. ಇನ್ನೊಂದು, ಸಿಟ್ಟು, ಆತಂಕ, ಎಲ್ಲರೂ ತನ್ನ ವಿರುದ್ಧವೇ ಇದ್ದಾರೆ ಅನ್ನುವ ಅನುಮಾನ ಸದಾ ಕುದಿಯುತ್ತಿರುವುದು. ನ್ಯೂಜಿಲೆಂಡಿನ ಡ್ಯುನೆಡಿನ್ ಅನ್ನುವ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಬಿಡದೆ ಗಮನಿಸುತ್ತಾ ಬಂದಿದ್ದಾರೆ. ಹುಡುಗರಲ್ಲೂ ಹುಡುಗಿಯರಲ್ಲೂ ಈ ಎರಡೇ ಗುಣ ತಪ್ಪು ನಡತೆಯ ಜೊತೆ ಕಾಣಿಸಿಕೊಂಡವು ಅಂತ 1994ರಲ್ಲಿ ಬರೆದರು. ಎರಡೂ ಒಟ್ಟಿಗೆ ಇದ್ದರೆ ಕಷ್ಟ ಜಾಸ್ತಿ. ಬ್ರೇಕು ಸಡಿಲ ಇರುವ ಗಾಡಿಯ ಮೇಲೆ ಭಾರ ಹೇರಿ ಇಳಿಜಾರಿನಲ್ಲಿ ಬಿಟ್ಟ ಹಾಗೆ.

ಅದೇ ಊರಿನ ಮಕ್ಕಳ ಇನ್ನೊಂದು ಲೆಕ್ಕ ಇದೆ, ನಮ್ಮ ಎಲ್ಲ ಹೆಡ್‌ಮೇಷ್ಟ್ರುಗಳೂ ಅದನ್ನು ಓದಬೇಕು. ಟೆರಿ ಮಾಫಿಟ್ ಅನ್ನುವ ಸಂಶೋಧಕಿ, ತಪ್ಪು ಮಾಡುವ ಮಕ್ಕಳಲ್ಲಿ ಎರಡು ಥರ ಇದ್ದಾರೆ ಅಂತ 1993ರಲ್ಲಿ ಹೇಳಿದರು. ಒಂದು ಗುಂಪು ಚಿಕ್ಕ ವಯಸ್ಸಿನಲ್ಲೇ ಶುರು ಮಾಡಿ ದೊಡ್ಡವರಾದ ಮೇಲೂ ಬಿಡುವುದಿಲ್ಲ. ಇದು ಸಣ್ಣ ಗುಂಪು. ಇನ್ನೊಂದು, ಹದಿವಯಸ್ಸಿನಲ್ಲಿ ಶುರುವಾಗಿ ಆ ವಯಸ್ಸು ದಾಟಿದ ಮೇಲೆ ತಾನಾಗೇ ನಿಲ್ಲುವ ದೊಡ್ಡ ಗುಂಪು. ಮೊದಲ ಗುಂಪಿನಲ್ಲಿ ಹತ್ತು ಹುಡುಗರಿದ್ದರೆ ಒಬ್ಬಳು ಹುಡುಗಿ. ಎರಡನೇ ಗುಂಪಿನಲ್ಲಿ ಮೂರು ಹುಡುಗರಿಗೆ ಇಬ್ಬರು ಹುಡುಗಿಯರು. ಅಂದರೆ ಏನರ್ಥ? ದಾರಿ ತಪ್ಪಿದ ಹದಿನೈದರ ಹುಡುಗಿ ನಿಮ್ಮ ಮುಂದೆ ನಿಂತಾಗ, ಅವಳು ಬಹುಪಾಲು ನಿಲ್ಲಿಸುವವರ ಗುಂಪಿನವಳೇ. ಅವಳಿಗೆ ಬೇಕಾಗಿರುವುದು ನಾಲ್ಕೈದು ವರ್ಷ ಸಮಯ, ಮತ್ತೆ ಆ ನಾಲ್ಕೈದು ವರ್ಷ ಅವಳನ್ನು ಹಿಡಿದುಕೊಳ್ಳುವ ಒಂದು ಜಾಗ. ನಾವು ಕಿತ್ತುಕೊಳ್ಳುವುದು ಆ ಜಾಗವನ್ನೇ.

ಇನ್ನು ಸುಟ್ಟರೂ ಹೋಗಲ್ಲ ಅನ್ನುವ ಗಾದೆ. ಗುಣ ಪೂರ್ತಿ ಹೋಗುವುದಿಲ್ಲ ನಿಜ, ಆದರೆ ಬದಲಾಗುತ್ತೆ. ಹನ್ನೆರಡು–ಹದಿನೈದರ ಹೊತ್ತಿಗೆ ಮಕ್ಕಳಲ್ಲಿ ಶಿಸ್ತು, ಹಿಡಿತ ಸ್ವಲ್ಪ ಇಳಿಯುತ್ತೆ. ಇಪ್ಪತ್ತು ದಾಟಿದ ಮೇಲೆ ಏರುತ್ತಾ ಹೋಗುತ್ತೆ. ಬೇರೆ ಬೇರೆ ದೇಶಗಳಲ್ಲಿ ಅಳೆದಾಗಲೂ ಹೀಗೇ ಕಂಡಿದೆ. ನಾವು ಆ ಕಾಲಂ ತುಂಬುವುದು ಗ್ರಾಫು ತಳ ಮುಟ್ಟಿದ ವರ್ಷದಲ್ಲಿ.

ಗುಣ ಬೇರೆ, ನಡತೆ ಬೇರೆ. ಫಾರಂನಲ್ಲಿ ‘ಮತ್ತು’ ಹಾಕಿ ಎರಡನ್ನೂ ಒಂದೇ ಗೆರೆಯಲ್ಲಿ ಕಟ್ಟಿದ್ದೇವೆ. ಇದು ನನಗೆ ಅರ್ಥವಾಗಿದ್ದು ಇನ್ನೊಬ್ಬ ಹುಡುಗಿಯಿಂದ.

ಅವಳು ನನ್ನ ಮೂರನೇ ಶಾಲೆಯಲ್ಲಿ ಇದ್ದವಳು. ಸ್ವಭಾವ ಈ ಮೊದಲಿನವಳದೇ ಅಚ್ಚು. ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗನ ಕಪಾಳಕ್ಕೆ ಹೊಡೆದು ಅವನ ತುಟಿ ಒಡೆದಿತ್ತು. ಕಾಂಪೌಂಡು ಹಾರಿ ಹೋಗಿ ಎರಡು ಸಲ ಸಿಕ್ಕಿಬಿದ್ದಿದ್ದಳು. ಆ ಶಾಲೆಯ ಪಿಟಿ ಮೇಷ್ಟ್ರು ಜಾಸ್ತಿ ಮಾತಾಡುವವರಲ್ಲ. ಅವರು ಹೆಡ್‌ಮೇಷ್ಟ್ರ ಹತ್ತಿರ ಹೋಗಿ, ‘ಅವಳನ್ನ ನನಗೆ ಬಿಡಿ ಸಾರ್’ ಅಂದರು. ಮಾರನೇ ದಿನ ಅವಳ ಕೈಗೆ ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಬಕೆಟ್ಟು ಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಬಂದು ಗೆರೆ ಹಾಕಬೇಕು, ಸಂಜೆ ಐದೂವರೆ ತನಕ ಆಡಬೇಕು. ಮೊದಲ ವಾರ ಗೆರೆ ಎಲ್ಲ ಸೊಟ್ಟ. ಮೇಷ್ಟ್ರು ಏನೂ ಅನ್ನಲಿಲ್ಲ. ಒಂದು ದಾರ, ಎರಡು ಗೂಟ ತಂದಿಟ್ಟು ಹೋದರು. ಒಂದು ದಿನ ಬೆಳಿಗ್ಗೆ ನಾನು ಬೇಗ ಬಂದಾಗ, ಅವಳು ಮೊಣಕಾಲೂರಿ ಕೂತು, ನಾಲಿಗೆ ಕಚ್ಚಿಕೊಂಡು, ದಾರದ ಪಕ್ಕದಲ್ಲೇ ಸುಣ್ಣ ಸುರಿಯುತ್ತಿದ್ದಳು. ಲಂಗಕ್ಕೆಲ್ಲ ಬಿಳಿ ಮೆತ್ತಿತ್ತು. ಯೋಚನೆ ಮಾಡದೆ ಕೈ ಚಾಚುವ ಹುಡುಗಿ ಅದೇ ಕೈಯನ್ನು ಹಿಡಿದು ಹಿಡಿದು ಗೆರೆ ಎಳೆಯುವುದನ್ನು ನಾನು ಕಣ್ಣಾರೆ ನೋಡಿದೆ.

ಅವಳು ರಾಷ್ಟ್ರಮಟ್ಟದ ಆಟಗಾರ್ತಿ ಏನೂ ಆಗಲಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಹೋಯಿತು, ಸಪ್ಲಿಮೆಂಟರಿಯಲ್ಲಿ ಪಾಸಾದಳು. ಈಗ ಹಾಲಿನ ಟೆಂಪೋ ಓಡಿಸುತ್ತಾಳೆ. ಊರೂರಿನ ಡೈರಿಗೆ ಹೋಗಿ ಕ್ಯಾನು ಹೇರಿಸಿಕೊಂಡು ಬರುತ್ತಾಳೆ. ಬಾಯಿ ಈಗಲೂ ಜೋರು. ಸಿಟ್ಟು ಈಗಲೂ ಮೂಗಿನ ತುದಿಯಲ್ಲೇ. ದಾರಿಯಲ್ಲಿ ನನ್ನನ್ನು ಕಂಡರೆ ಗಾಡಿ ನಿಲ್ಲಿಸಿ, ‘ಹತ್ತಿ ಮಿಸ್, ಬುಟ್ಬುಟ್ಟು ಹೋಯ್ತೀನಿ’ ಅನ್ನುತ್ತಾಳೆ. ಗುಣ ಎಲ್ಲಿಗೂ ಹೋಗಿಲ್ಲ. ನಡತೆ ಬೇರೆ ಆಯಿತು. ಅವಳ ಟಿಸಿಯಲ್ಲಿ ‘ತೃಪ್ತಿಕರ’ ಅಂತಲೇ ಇದೆ.

ಅಲೆಕ್ಸಾಂಡರ್ ಥಾಮಸ್, ಸ್ಟೆಲ್ಲಾ ಚೆಸ್ ಅನ್ನುವ ವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ಹುಟ್ಟುಸ್ವಭಾವದ ಅಧ್ಯಯನ ಶುರು ಮಾಡಿದರು. ಮಗುವಿನ ಸ್ವಭಾವ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕಿಂತ, ಆ ಸ್ವಭಾವಕ್ಕೂ ಸುತ್ತಲಿನ ಮನೆ–ಶಾಲೆಗೂ ಹೊಂದಿಕೆ ಆಗುತ್ತದೋ ಇಲ್ಲವೋ ಅನ್ನುವುದೇ ಮುಖ್ಯ ಅಂದರು. ಆ ಪಿಟಿ ಮೇಷ್ಟ್ರು ಇದನ್ನು ಓದಿರಲಿಕ್ಕಿಲ್ಲ. ಆದರೆ ಸುಣ್ಣದ ಬಕೆಟ್ಟಿನಿಂದ ಅದನ್ನೇ ಮಾಡಿ ತೋರಿಸಿದರು.

ಹುಡುಗಿಯರ ವಿಷಯದಲ್ಲಿ ನಾವು ಬಳಸುವ ಮಾತುಗಳನ್ನೂ ಹೇಳಲೇಬೇಕು. ಹುಡುಗ ಕ್ಲಾಸಿಗೆ ಚಕ್ಕರ್ ಹೊಡೆದರೆ ‘ಹುಡುಗು ಬುದ್ಧಿ’. ಹುಡುಗಿ ಹೊಡೆದರೆ ‘ಕೆಟ್ಟುಹೋದಳು’. ಅವನು ಎದುರು ಮಾತಾಡಿದರೆ ‘ಗಂಡಸು ಕಣ್ಲಾ’, ಅವಳು ಮಾತಾಡಿದರೆ ಬಜಾರಿ, ಗಂಡುಬೀರಿ. ಮಂಡ್ಯದವರ ಮಾತು ನೇರ, ಖಡಕ್ಕು, ಯಾರಿಗೂ ಬಗ್ಗಲ್ಲ ಅಂತ ನಾವೇ ಎದೆ ತಟ್ಟಿಕೊಂಡು ಹೇಳುತ್ತೇವೆ. ಕಾವೇರಿ ಚಳವಳಿ ಅಂದರೆ ಹೆಂಗಸರೇ ಹೆದ್ದಾರಿಯಲ್ಲಿ ಕೂರುತ್ತಾರೆ, ಅದನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಅದೇ ಖಡಕ್ಕುತನ ಹದಿನಾಲ್ಕರ ಹುಡುಗಿಯ ಬಾಯಲ್ಲಿ ಬಂದರೆ ಮಾತ್ರ ತಡೆಯಲು ಆಗುವುದಿಲ್ಲ. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಹೊಟ್ಟೆಯೊಳಗಿನ ಕೂಸು ಗಂಡೋ ಹೆಣ್ಣೋ ಅಂತ ಸ್ಕ್ಯಾನಿಂಗ್ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ. ಅಂಥ ಕಾಲ ದಾಟಿ ಹುಟ್ಟಿ, ಶಾಲೆಯ ತನಕ ಬಂದ ಹೆಣ್ಣುಮಕ್ಕಳು ಇವರು. ಅವರಲ್ಲಿ ಒಬ್ಬಳನ್ನೂ ಕಳೆದುಕೊಳ್ಳುವ ಹಕ್ಕು ನಮಗಿಲ್ಲ.

ನಿಜ ಹೇಳಬೇಕು ಅಂದರೆ, ಕಾನೂನಿನ ಜೊತೆ ಸಂಘರ್ಷಕ್ಕೆ ಬರುವ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಡುಗರೇ. ಹುಡುಗಿಯರು ಬೆರಳೆಣಿಕೆ. ಅಷ್ಟು ಕಡಿಮೆ ಇರುವುದರಿಂದಲೇ ಅವರ ಬಗ್ಗೆ ಯಾರೂ ಯೋಚಿಸಿಲ್ಲ ಅನಿಸುತ್ತೆ. ಆದರೆ ಬೇರೆ ಬೇರೆ ದೇಶಗಳ ಅಧ್ಯಯನಗಳು ಒಂದು ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ. ಹೀಗೆ ಸಿಕ್ಕಿಬಿದ್ದ ಹುಡುಗಿಯರಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಪ್ರಮಾಣ ಹುಡುಗರಿಗಿಂತ ತುಂಬಾ ಜಾಸ್ತಿ. ಮನೆಯಿಂದ ಓಡಿಹೋದ ಹುಡುಗಿಯನ್ನು ‘ಯಾರ ಜೊತೆ ಓಡಿಹೋದಳು’ ಅಂತ ಕೇಳುತ್ತೇವೆ. ಯಾರಿಂದ ತಪ್ಪಿಸಿಕೊಳ್ಳಲು ಓಡಿದಳು ಅಂತಲೂ ಕೇಳಬೇಕು.

ಇನ್ನೊಂದು ಸಂಗತಿ. ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಒಸಗೆ ಮಾಡುತ್ತಾರೆ. ಈಗೀಗ ಊರ ಬಾಗಿಲಲ್ಲಿ ಫ್ಲೆಕ್ಸ್ ಹಾಕುತ್ತಾರೆ. ಆರನೇ ಕ್ಲಾಸಿನ ಒಂದು ಮಗು. ಹನ್ನೊಂದು ವರ್ಷ. ರೇಷ್ಮೆ ಸೀರೆ, ಜಡೆಗೆ ಮೊಗ್ಗಿನ ಅಲಂಕಾರ, ತುಟಿಗೆ ಬಣ್ಣ, ಎರಡಾಳು ಎತ್ತರದ ಫೋಟೋ. ಕೆಳಗೆ ಸೋದರಮಾವಂದಿರ ಸಾಲು ಸಾಲು ಮುಖ. ಆ ರಸ್ತೆಯಲ್ಲಿ ಬೈಕಿನಲ್ಲಿ ಹೋಗುವ ಪ್ರತಿಯೊಬ್ಬ ಹುಡುಗನೂ ಅದನ್ನು ನೋಡುತ್ತಾನೆ. ಮಗು ಸೋಮವಾರ ಯೂನಿಫಾರಂ ಹಾಕಿಕೊಂಡು, ಎರಡು ಜಡೆ ಕಟ್ಟಿಕೊಂಡು ಶಾಲೆಗೆ ಬರುತ್ತೆ. ಅದರ ಮನಸ್ಸು ಇನ್ನೂ ಕುಂಟೆಬಿಲ್ಲೆ ಆಡುವ ಮಗುವಿನದು. ಸುತ್ತಲಿನ ಕಣ್ಣುಗಳು ಮಾತ್ರ ಬದಲಾಗಿರುತ್ತವೆ.

ಡ್ಯುನೆಡಿನ್ನಿನವರು ಇದನ್ನೂ ನೋಡಿದ್ದಾರೆ. ಬೇಗ ಮೈನೆರೆದ ಹುಡುಗಿಯರು ಬೇರೆಯವರಿಗಿಂತ ಜಾಸ್ತಿ ದಾರಿ ತಪ್ಪುತ್ತಾರಾ ಅಂತ ಕೇಳಿಕೊಂಡರು. ಹುಡುಗ–ಹುಡುಗಿಯರು ಒಟ್ಟಿಗೆ ಓದುವ ಶಾಲೆಗಳಲ್ಲಿ ಹೌದು, ಹುಡುಗಿಯರ ಶಾಲೆಗಳಲ್ಲಿ ಆ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಇದನ್ನು ಓದಿ ಹುಡುಗಿಯರಿಗೆಲ್ಲ ಬೇರೆ ಶಾಲೆ ಮಾಡಿ ಅಂತ ನಾನು ಕೇಳುತ್ತಿಲ್ಲ. ಮೈ ಒಂದೇ, ವಯಸ್ಸು ಒಂದೇ. ಬೇರೆಯಾಗಿದ್ದು ಸುತ್ತ ಇರುವವರು. ಹನ್ನೊಂದರ ಮಗುವನ್ನು ಹದಿನೆಂಟರವಳ ಹಾಗೆ ನಡೆಸಿಕೊಳ್ಳುವುದನ್ನು ನಾವು ನಿಲ್ಲಿಸಬಹುದು. ಒಸಗೆ ಬೇಡ ಅನ್ನುವುದಿಲ್ಲ. ಅಜ್ಜಿಯಂದಿರು ಚಿಗುಳಿ ಉಂಡೆ ಕೊಟ್ಟು, ಹಸೆಗೆ ಕೂರಿಸಿ ಆರತಿ ಎತ್ತುವ ಶಾಸ್ತ್ರ ಮನೆಯೊಳಗೆ ಚೆಂದ. ಆ ಫ್ಲೆಕ್ಸ್ ಬೇಡ. ಗ್ರಾಮ ಪಂಚಾಯಿತಿಯವರು ಮನಸ್ಸು ಮಾಡಿದರೆ ಒಂದು ಸಭೆಯಲ್ಲಿ ತೀರ್ಮಾನ ಆಗುವ ವಿಷಯ.

ಶಕ್ತಿ ಯೋಜನೆಯ ಮೇಲೂ ಜನ ಗೂಬೆ ಕೂರಿಸುತ್ತಿದ್ದಾರೆ. 2023ರ ಜೂನ್ 11ರಿಂದ ಬಸ್ಸು ಫ್ರೀ ಆಗಿದ್ದಕ್ಕೇ ಹುಡುಗಿಯರು ಕ್ಲಾಸು ಬಿಟ್ಟು ಬಲಮುರಿಗೆ, ಬೃಂದಾವನಕ್ಕೆ ಹೋಗುತ್ತಾರೆ ಅಂತ. ನಾನು ಪಾಠ ಮಾಡಲು ಶುರು ಮಾಡಿದಾಗಲೂ ಹೋಗುತ್ತಿದ್ದರು, ಟಿಕೆಟ್ಟಿಗೆ ಮನೆಯಲ್ಲಿ ಸುಳ್ಳು ಹೇಳಿ ದುಡ್ಡು ತರುತ್ತಿದ್ದರು ಅಷ್ಟೇ. ಅದೇ ಫ್ರೀ ಬಸ್ಸಿನಲ್ಲಿ ಎಷ್ಟೋ ಹುಡುಗಿಯರು ಹೈಸ್ಕೂಲು ಮುಗಿಸಿ ಮಂಡ್ಯಕ್ಕೆ, ಮೈಸೂರಿಗೆ ಕಾಲೇಜಿಗೆ ಹೋಗುತ್ತಿದ್ದಾರೆ. ಗೆಳತಿಯರು ಜೊತೆಗಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗ ಮಾಡದ ಸಾಹಸ ಮಾಡುತ್ತಾರೆ. 2005ರಲ್ಲಿ ಅಮೆರಿಕದಲ್ಲಿ ಒಂದು ಕಾರ್ ಓಡಿಸುವ ಆಟ ಆಡಿಸಿ ಇದನ್ನು ತೋರಿಸಿದ್ದಾರೆ. ಸ್ನೇಹಿತರು ನೋಡುತ್ತಿದ್ದಾಗ ಮಕ್ಕಳು ಅಪಾಯಕ್ಕೆ ಜಾಸ್ತಿ ಕೈ ಹಾಕಿದರು, ದೊಡ್ಡವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇದು ವಯಸ್ಸಿನ ವಿಷಯ. ಬಸ್ಸಿನದಲ್ಲ.

ಈಗ ನಾನು ಕೇಳಿಕೊಳ್ಳುವುದು.

ಉಪನಿರ್ದೇಶಕರೇ, ಒಂಬತ್ತು–ಹತ್ತನೇ ಕ್ಲಾಸಿನ ಯಾವ ಮಗುವಿಗೂ ನಡತೆಯ ಕಾರಣಕ್ಕೆ ಶಾಲೆಯೇ ಮುಂದಾಗಿ ಟಿಸಿ ಕೊಡಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ. ಪೋಷಕರೇ ಕೇಳಿ ಪಡೆದ ಹಾಗೆ ಅರ್ಜಿ ಬರೆಸಿಕೊಳ್ಳುವ ಪದ್ಧತಿ ಇದೆ, ಅದೂ ನಿಲ್ಲಬೇಕು. ಆ ತಾಯಿಯ ಕೈಯಲ್ಲೂ ಹಾಗೇ ಬರೆಸಿಕೊಂಡೆವು. ಅವರಿಗೆ ಸಹಿ ಮಾಡಲು ಮಾತ್ರ ಬರುತ್ತಿತ್ತು, ಅರ್ಜಿ ಬರೆದವರು ನಮ್ಮ ಗುಮಾಸ್ತರು. ತೀರಾ ಕಷ್ಟ ಅನಿಸಿದರೆ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಲಿ. ಅವರು ಬಂದು ಮಗುವಿನ ಜೊತೆ ಮಾತಾಡಿ, ಮನೆಯ ಪರಿಸ್ಥಿತಿ ನೋಡಿ ವರದಿ ಕೊಡುವ ತನಕ ಅವಳು ಅದೇ ಬೆಂಚಿನಲ್ಲಿ ಕೂತಿರಲಿ. ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ‘ಇವಳು ಏನು ಮಾಡಿದಳು ಗೊತ್ತಾ’ ಅಂತ ಹೇಳುವುದನ್ನಂತೂ ಇವತ್ತೇ ಬಿಡಬೇಕು.

ಇನ್ನು ಕೇಳಿಸಿಕೊಳ್ಳುವವರು ಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ. ಡಾ. ಎಂ.ವಿ. ಗೋಪಾಲಸ್ವಾಮಿಯವರು ಕಟ್ಟಿದ್ದು, ಮುಂದೆ ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದರಲ್ಲ, ಅವರೇ. ನೂರು ವರ್ಷ ಆಯಿತು. ಇಡೀ ದೇಶದಲ್ಲೇ ಮೊದಮೊದಲು ಈ ವಿಷಯ ಕಲಿಸಿದ ಊರಿನಿಂದ ಒಂದು ಗಂಟೆ ದಾರಿಯಲ್ಲಿ ಇದ್ದೇವೆ ನಾವು. ಆದರೆ ನಾನು ಕೆಲಸ ಮಾಡಿದ ನಾಲ್ಕು ಶಾಲೆಗಳಲ್ಲಿ ಒಂದರಲ್ಲೂ ಒಬ್ಬ ಕೌನ್ಸೆಲರ್ ಇರಲಿಲ್ಲ. ಎಂಎಸ್ಸಿ ಓದುವ ಮಕ್ಕಳಿಗೆ ಹೇಗೂ ಫೀಲ್ಡ್ ವರ್ಕ್ ಬೇಕು. ಹೋಬಳಿಗೆ ಒಬ್ಬರು, ವಾರಕ್ಕೆ ಎರಡು ದಿನ, ಅವರ ಮೇಷ್ಟ್ರುಗಳ ಉಸ್ತುವಾರಿಯಲ್ಲಿ ಬರಲಿ. ಹೆಣ್ಣುಮಕ್ಕಳಾದರೆ ಬಸ್ ಚಾರ್ಜೂ ಬೇಡ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ‘ಸ್ನೇಹ ಕ್ಲಿನಿಕ್’ ಇದೆ, ಆ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಈ ಎರಡು ನಂಬರನ್ನು ಹುಡುಗಿಯರ ಶೌಚಾಲಯದ ಬಾಗಿಲಿನ ಒಳಭಾಗಕ್ಕೆ ಅಂಟಿಸಿ. ನೋಟಿಸ್ ಬೋರ್ಡಿನ ಮುಂದೆ ನಿಂತು ಬರೆದುಕೊಳ್ಳಲು ಯಾವ ಹುಡುಗಿಗೂ ಧೈರ್ಯ ಬರುವುದಿಲ್ಲ.

ಮುಖ್ಯ ಶಿಕ್ಷಕರಲ್ಲಿ ಒಂದೇ ಮನವಿ. ಅಂಥ ಹುಡುಗಿ ನಿಮ್ಮ ಮುಂದೆ ಬಂದು ‘ಏನೀಗ’ ಅಂದಾಗ ತಕ್ಷಣ ಉತ್ತರ ಕೊಡಬೇಡಿ. ಬೇರೆಯವರನ್ನೆಲ್ಲ ಹೊರಗೆ ಕಳಿಸಿ. ಒಬ್ಬರು ಮೇಡಂ ಜೊತೆಗಿರಲಿ. ಅವಳಿಗೆ ಒಂದು ಲೋಟ ನೀರು ಕೊಡಿ. ಅವಳು ಅವತ್ತೇ ಹೇಳುತ್ತಾಳೆ ಅಂತ ನಾನು ಮಾತು ಕೊಡಲಾರೆ. ಮೂರು ದಿನ ಆಗಬಹುದು, ಮೂರು ವಾರ ಆಗಬಹುದು. ನನ್ನ ಹುಡುಗಿ ಅವತ್ತು ಅವ್ವನ ಹಿಂದೆ ಗೇಟು ದಾಟುವಾಗ ಒಂದು ಸಲ ತಿರುಗಿ ಸ್ಟಾಫ್ ರೂಮಿನ ಕಿಟಕಿ ಕಡೆ ನೋಡಿದಳು. ನಾನು ಅಲ್ಲೇ ಕಿಟಕಿಯ ಹತ್ತಿರ ನಿಂತಿದ್ದೆ. ಕರೆದಿದ್ದರೆ ಕೇಳಿಸುವಷ್ಟು ದೂರ.

ಏಪ್ರಿಲ್‌ನಲ್ಲಿ ಫಲಿತಾಂಶ ಬರುತ್ತೆ, ಆಮೇಲೆ ಟಿಸಿ ಬರೆಯುವ ಕಾಲ. ಸುತ್ತೋಲೆ ಅದಕ್ಕಿಂತ ಮೊದಲು ಶಾಲೆಗಳಿಗೆ ತಲುಪಬೇಕು. ಯಾವ ಶಾಲೆಗೆ ಬೇಕಾದರೂ ಮಂಗಳವಾರ, ಗುರುವಾರ ಬಂದು ಹುಡುಗಿಯರ ಜೊತೆ ಕೂರಲು ನಾನು ತಯಾರಿದ್ದೇನೆ. ಸಂಬಳ ಬೇಡ. ಒಂದು ರೂಮು ಕೊಡಿ, ಬಾಗಿಲು ಮುಚ್ಚಿಕೊಳ್ಳುವಂತಿರಲಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಮಂಡ್ಯ